ಕರಗುವ ರಾಡ್ ಇದೆಯೇ? ಒಂದು ಪ್ರಶ್ನೆ ಮತ್ತು ನನ್ನ ಅವಸರದ ಉತ್ತರ

ಬೋಧನಾಭ್ಯಾಸದ ಎರಡನೇ ವಾರದಲ್ಲಿ ಒಂಬತ್ತನೇ ತರಗತಿಯ ‘ಅಂಗಾಂಶಗಳು’ ಘಟಕ ನನ್ನ ಪಾಲಿಗೆ ಬಂದಿತ್ತು. ಅಂದು ಸಂಯೋಜಕ ಅಂಗಾಂಶದ ಪಾಠ. ಪಾಠಯೋಜನೆಯಲ್ಲಿ ಬರೆದುಕೊಂಡದ್ದೆಲ್ಲ ಮುಗಿದು, ಗಂಟೆ ಹೊಡೆಯಲು ನಾಲ್ಕೈದು ನಿಮಿಷ ಉಳಿದಿತ್ತು. ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ನಮ್ಮಪ್ಪನ ಕಾಲಾಗ ರಾಡ್ ಹಾಕ್ಯಾರ್ರಿ ಟೀಚರ್. ಈಗ ಅದನ್ನ ತಗ್ಯಾಕ ಮತ್ತ ಆಪರೇಶನ್ ಮಾಡಬೇಕಂತ. ತಾನ ಕರಗಿ ಹೋಗೂವಂಥಾ ರಾಡ್ ಇಲ್ಲೇನ್ರಿ?”

ನನಗೆ ಖುಷಿಯಾಯಿತು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಪಾಲಿಮರ್ ರಸಾಯನಶಾಸ್ತ್ರ ಓದಿದವಳು ನಾನು. ಪಾಲಿಲ್ಯಾಕ್ಟಿಕ್ ಆಮ್ಲದ ಮೇಲೆ ಸೆಮಿನಾರ್ ಕೊಟ್ಟಿದ್ದೆ. “ಇದೆ. ಒಂದು ಬಗೆಯ ಪ್ಲಾಸ್ಟಿಕ್ ಮತ್ತು ಸೆರಾಮಿಕ್ ಸೇರಿಸಿ ಮಾಡುತ್ತಾರೆ. ದೇಹದೊಳಗೇ ಕರಗಿ ಹೋಗುತ್ತದೆ” ಎಂದೆ. ಗಂಟೆ ಹೊಡೆಯಿತು. ಪುಸ್ತಕ ಎತ್ತಿಕೊಂಡು ಹೊರಬಂದೆ. ಅಂದು ನನ್ನ ಪಾಠ ವೀಕ್ಷಿಸಿದ ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಧ್ವನಿ, ಕಪ್ಪುಹಲಗೆ ಬಳಕೆ ಎಲ್ಲದಕ್ಕೂ ಒಳ್ಳೆಯ ಮಾತು ಬರೆದು, ಕೊನೆಯಲ್ಲಿ ಎರಡೇ ಪದ ಸೇರಿಸಿದ್ದರು: “ಯಾವ ಮೂಳೆಗೆ?” ಆಗ ಅದು ನನಗೆ ಅರ್ಥವಾಗಲಿಲ್ಲ.

ಹತ್ತು ದಿನಗಳ ನಂತರ, ಶಾಲೆ ಬಿಡುವ ಹೊತ್ತಿಗೆ, ಆ ಹುಡುಗನ ತಾಯಿ ಬಂದು ಗೇಟಿನ ಬಳಿ ಕಾದಿದ್ದರು. “ಅಕ್ಕೋರ, ಕಾಲಾಗಿಂದು ತಾನ ಕರಗತೈತಂತ ಹುಡುಗ ಹೇಳಿದ. ಹಂಗಾದ್ರ ಮತ್ತ ಯಾಕ ಕೊಯಿಸಬೇಕಂತ ಡಾಕ್ಟರ್ ಕೊಟ್ಟ ತಾರೀಖಿಗೆ ಹೋಗಲಿಲ್ರಿ. ಎಷ್ಟ ದಿನಕ್ಕ ಕರಗತೈತ್ರಿ?” ಎಂದು ಕೇಳಿದರು.

ಆ ಮನುಷ್ಯನ ಕಾಲಿನಲ್ಲಿ ಒಂದು ಸ್ಕ್ರೂ ಸಡಿಲವಾಗಿ ನೋವು ಕೊಡುತ್ತಿತ್ತು. ಅದಕ್ಕಾಗಿಯೇ ವೈದ್ಯರು ತೆಗೆಸಲು ಹೇಳಿದ್ದರು. ನಾನು ಹೇಳಿದ ಮಾತು ಸುಳ್ಳಲ್ಲ. ಆದರೆ ಅದು ಅವರ ಕಾಲಿಗೆ ಸಂಬಂಧಿಸಿದ್ದಲ್ಲ. ನಿಮ್ಮವರ ಕಾಲಿನಲ್ಲಿರುವುದು ಲೋಹ, ಅದು ಎಂದಿಗೂ ಕರಗುವುದಿಲ್ಲ, ನಾಳೆಯೇ ಹೋಗಿ ಬೇರೆ ತಾರೀಖು ತೆಗೆದುಕೊಳ್ಳಿ ಎಂದು ಅಲ್ಲೇ ಹೇಳಿದೆ. ಹುಡುಗನ ಮುಂದೆಯೂ ಹೇಳಿದೆ. ಆಮೇಲೆ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅದೇ ವಿಷಯದ ಮೇಲೆ ಇನ್ನೂ ಎರಡು ಅವಧಿ ಪಾಠ ಮಾಡಿದೆ. ಆ ಪಾಠಕ್ಕಾಗಿ ನಾನು ಮತ್ತೆ ಓದಿಕೊಂಡದ್ದನ್ನು, ತರಗತಿಯಲ್ಲಿ ಕೆಲಸಕ್ಕೆ ಬಂದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಒಂಬತ್ತನೇ ತರಗತಿಗೆ ಹೋಗುವ ಯಾರಿಗಾದರೂ ಈ ಪ್ರಶ್ನೆ ಎದುರಾಗಬಹುದು. ನಮ್ಮ ಊರುಗಳಲ್ಲಿ ಬೈಕಿನಿಂದಲೋ ಟ್ರ್ಯಾಕ್ಟರಿನಿಂದಲೋ ಬಿದ್ದು ‘ರಾಡ್ ಹಾಕಿಸಿಕೊಂಡವರು’ ಇಲ್ಲದ ಓಣಿ ಕಡಿಮೆ.

ಮೊದಲು ಮೂಳೆಯಿಂದಲೇ ಶುರುಮಾಡಿದೆ. ಪಠ್ಯಪುಸ್ತಕ ಮೂಳೆಯ ಮಾತೃಕೆಯನ್ನು ಕ್ಯಾಲ್ಸಿಯಂ ಮತ್ತು ಫಾಸ್ಫರಸ್ ಸಂಯುಕ್ತಗಳಿಂದಾದದ್ದು ಎಂದು ಪರಿಚಯಿಸುತ್ತದೆ. ಅಷ್ಟನ್ನೇ ಓದಿದ ಮಗು ಮೂಳೆ ಎಂದರೆ ಒಂದು ಬಗೆಯ ಕಲ್ಲು ಎಂದುಕೊಳ್ಳುತ್ತದೆ. ಕಲ್ಲಾಗಿದ್ದರೆ ಮರ ಹತ್ತಿ ಜಿಗಿದಾಗಲೆಲ್ಲ ಅದು ಒಡೆಯಬೇಕಿತ್ತು.

ಇದನ್ನು ತೋರಿಸಲು ಕೋಳಿ ಕಾಲಿನ ಮೂರು ಮೂಳೆ ಸಿದ್ಧಮಾಡಿಕೊಂಡೆ. ಒಂದನ್ನು ಹಾಗೆಯೇ ತೊಳೆದು ಒಣಗಿಸಿದ್ದು. ಇನ್ನೊಂದನ್ನು ಒಂದು ವಾರ ವಿನೆಗರ್‌ನಲ್ಲಿ ಮುಳುಗಿಸಿಟ್ಟು, ಎರಡು ದಿನಕ್ಕೊಮ್ಮೆ ವಿನೆಗರ್ ಬದಲಿಸಿದ್ದು. ಮೂರನೆಯದನ್ನು ಮನೆಯ ಹಿತ್ತಲಿನ ಒಲೆಯ ಕೆಂಡದಲ್ಲಿ ಬೆಳ್ಳಗಾಗುವವರೆಗೆ ಸುಟ್ಟದ್ದು. (ಸುಡುವ ಕೆಲಸವನ್ನು ಶಾಲೆಯಲ್ಲಿ ಮಾಡಬೇಡಿ, ವಾಸನೆ ಎರಡು ದಿನ ಹೋಗುವುದಿಲ್ಲ. ಮೂಳೆ ಮುಟ್ಟಲು ಇಷ್ಟವಿಲ್ಲದ ಮಕ್ಕಳೂ ಇರುತ್ತಾರೆ. ಅವರನ್ನು ಮೊದಲೇ ಕೇಳಿಕೊಂಡು, ದೂರದಿಂದ ನೋಡಿ ದಾಖಲಿಸುವ ಕೆಲಸ ಕೊಟ್ಟೆ.) ವಿನೆಗರ್‌ನಲ್ಲಿಟ್ಟ ಮೂಳೆಯ ಖನಿಜ ಕರಗಿ ಹೋಗಿತ್ತು, ಆಕಾರ ಹಾಗೆಯೇ ಇದ್ದರೂ ಬೆರಳಿನಲ್ಲಿ ರಬ್ಬರಿನಂತೆ ಬಾಗುತ್ತಿತ್ತು. ಸುಟ್ಟದ್ದರಲ್ಲಿ ನಾರಿನಂಶ ಉರಿದುಹೋಗಿ ಖನಿಜ ಮಾತ್ರ ಉಳಿದಿತ್ತು. ಅದರ ಆಕಾರವೂ ಕೆಟ್ಟಿರಲಿಲ್ಲ, ಆದರೆ ಒತ್ತಿದ ಕೂಡಲೇ ಹಪ್ಪಳದಂತೆ ಪುಡಿಯಾಯಿತು. ಹಾಗೆಯೇ ಇಟ್ಟಿದ್ದ ಮೂಳೆ ಎರಡನ್ನೂ ತಡೆದುಕೊಂಡಿತು.

ಬಾಗಿದ್ದು ಕೊಲ್ಯಾಜೆನ್ ಎಂಬ ಪ್ರೋಟೀನು, ಅಂದರೆ ಪ್ರಕೃತಿಯೇ ಮಾಡಿದ ಪಾಲಿಮರ್. ಪುಡಿಯಾದದ್ದು ಕ್ಯಾಲ್ಸಿಯಂ ಫಾಸ್ಫೇಟ್ ಜಾತಿಯ ಖನಿಜ, ಹೈಡ್ರಾಕ್ಸಿಅಪಟೈಟ್‌ಗೆ ಬಹಳ ಹತ್ತಿರದ್ದು; ಇದು ಸೆರಾಮಿಕ್. ಮೂಳೆಯ ತೂಕದಲ್ಲಿ ಸುಮಾರು ಮೂರನೇ ಎರಡು ಭಾಗ ಖನಿಜ. ಉಳಿದದ್ದರಲ್ಲಿ ಹೆಚ್ಚಿನದು ಕೊಲ್ಯಾಜೆನ್ ಮತ್ತು ನೀರು. ಈ ಕೊಲ್ಯಾಜೆನ್ ಮೂರು ಎಳೆಗಳನ್ನು ಹಗ್ಗದಂತೆ ಹೊಸೆದ ರಚನೆ ಎಂದು 1954ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ತೋರಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕಾರ್ಥಾ. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲಿ ಆಣ್ವಿಕ ಜೀವಭೌತವಿಜ್ಞಾನದ ವಿಭಾಗ ಕಟ್ಟಿದರು. ಈ ಹೆಸರನ್ನು ತರಗತಿಯಲ್ಲಿ ಹೇಳಲು ಒಂದು ನಿಮಿಷ ಸಾಕು. ವಿಜ್ಞಾನಿಗಳೆಲ್ಲ ಹೊರದೇಶದವರೇ ಎಂದುಕೊಂಡ ಮಕ್ಕಳಿಗೆ ಅದು ಬೇಕು.

ಇಲ್ಲಿ ಒಂದು ಪದದ ತೊಡಕು. ಎರಡು ಬೇರೆ ವಸ್ತುಗಳನ್ನು ಸೇರಿಸಿ ಮಾಡಿದ ಇಂಥ ವಸ್ತುವಿಗೆ ‘ಸಂಯುಕ್ತ ವಸ್ತು’ ಎಂದು ಬಳಸುವುದುಂಟು. ಆದರೆ ಒಂಬತ್ತನೇ ತರಗತಿಯಲ್ಲಿ ‘ಸಂಯುಕ್ತ’ ಎಂದರೆ ನೀರು, ಉಪ್ಪು ಮುಂತಾದ ರಾಸಾಯನಿಕ ಸಂಯುಕ್ತ. ಮೊದಲ ಪಾಠದಲ್ಲಿ ಆ ಪದ ಬಳಸಿ, ಕೊಲ್ಯಾಜೆನ್ನೂ ಖನಿಜವೂ ಪ್ರತಿಕ್ರಿಯಿಸಿ ಮೂರನೆಯ ವಸ್ತುವಾಗುತ್ತವೆ ಎಂದು ಅರ್ಧ ತರಗತಿ ಬರೆದುಕೊಳ್ಳುವಂತೆ ಮಾಡಿದೆ. ಎರಡನೇ ಬಾರಿ ‘ಕಾಂಪೋಸಿಟ್’ ಎಂದೇ ಕರೆದು, ಮಣ್ಣಿನ ಗೋಡೆಯ ಉದಾಹರಣೆ ಕೊಟ್ಟೆ. ಬರೀ ಮಣ್ಣು ಒಣಗಿದರೆ ಬಿರುಕು ಬಿಡುತ್ತದೆ. ಅದಕ್ಕೆ ಕತ್ತರಿಸಿದ ಹುಲ್ಲು ಕಲಸಿ ತುಳಿಯುತ್ತಾರೆ. ಹುಲ್ಲು ಹುಲ್ಲಾಗಿಯೇ, ಮಣ್ಣು ಮಣ್ಣಾಗಿಯೇ ಇರುತ್ತದೆ, ಗೋಡೆ ಮಾತ್ರ ನಿಲ್ಲುತ್ತದೆ. ಮನೆ ಕಟ್ಟುವಾಗ ಕೆಸರು ತುಳಿದಿದ್ದ ಹುಡುಗಿಯೊಬ್ಬಳು ಹುಲ್ಲು ಕಡಿಮೆಯಾದರೆ ಏನಾಗುತ್ತದೆ, ಹೆಚ್ಚಾದರೆ ಏನಾಗುತ್ತದೆ ಎಂದು ನನಗಿಂತ ಚೆನ್ನಾಗಿ ವಿವರಿಸಿದಳು.

ಮುಂದಿನ ಪ್ರಶ್ನೆ: ಮುರಿದ ಮೂಳೆಗೆ ಉಕ್ಕು ಗಟ್ಟಿಯಲ್ಲವೇ, ಅದಕ್ಕೇನು ಕೊರತೆ? ಇಲ್ಲಿ ಬಲಕ್ಕಿಂತ ಬಿಗುಪನ್ನು ನೋಡಬೇಕು; ಒತ್ತಿದಾಗ ಅಥವಾ ಎಳೆದಾಗ ಎಷ್ಟು ಕಡಿಮೆ ಮಣಿಯುತ್ತದೆ ಎಂಬುದರ ಅಳತೆ. ಸ್ಟೇನ್‌ಲೆಸ್ ಸ್ಟೀಲಿನದು ಸುಮಾರು 200 ಗಿಗಾಪಾಸ್ಕಲ್. ಗಟ್ಟಿಮೂಳೆಯದು ಅದರ ಉದ್ದಕ್ಕೆ ಅಳೆದರೆ 10ರಿಂದ 20ರ ಆಸುಪಾಸು. ಪಾಲಿಥೀನಿನದು ಸುಮಾರು 1. ಎರಡು ವಸ್ತು ಒಟ್ಟಿಗೆ ಹೊರೆ ಹೊತ್ತಾಗ ಹೆಚ್ಚು ಬಿಗುವಾದದ್ದೇ ಹೆಚ್ಚು ಪಾಲು ಹೊರುತ್ತದೆ. ಹಾಗಾಗಿ ಪ್ಲೇಟ್ ಇರುವಷ್ಟು ಜಾಗದಲ್ಲಿ ಮೂಳೆಗೆ ಕೆಲಸ ಕಡಿಮೆಯಾಗುತ್ತದೆ. ಮೂಳೆ ತನ್ನ ಮೇಲೆ ಬೀಳುವ ಹೊರೆಗೆ ತಕ್ಕಂತೆ ತನ್ನನ್ನು ಕಟ್ಟಿಕೊಳ್ಳುತ್ತದೆ. ಇದನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಹೊರೆ ಇಲ್ಲದಿದ್ದರೆ ಅದು ತೆಳುವಾಗುತ್ತದೆ. “ಅಣ್ಣನ ಎಲ್ಲಾ ಕೆಲಸ ಮಾಡಿದ್ರ ತಮ್ಮ ಮೈಗಳ್ಳ ಆಗ್ತಾನಲ್ರಿ, ಹಂಗ” ಎಂದ ಒಬ್ಬ. ಅದನ್ನೇ ಹಲಗೆಯ ಮೇಲೆ ಬರೆದೆ.

ಇನ್ನೊಂದು ಕೊರತೆ, ಉಕ್ಕು ಮೂಳೆಯೊಂದಿಗೆ ರಾಸಾಯನಿಕವಾಗಿ ಬೆಸೆಯುವುದಿಲ್ಲ. ಹೊರಗಿನ ವಸ್ತುವನ್ನು ದೇಹ ಸಾಮಾನ್ಯವಾಗಿ ತೆಳು ನಾರಿನ ಪೊರೆ ಸುತ್ತಿ ಬೇರೆಯಾಗಿಡುತ್ತದೆ. ಬಹುಕಾಲ ವೈದ್ಯಕೀಯವೂ ಇದನ್ನು ಒಪ್ಪಿಕೊಂಡು, ದೇಹದೊಂದಿಗೆ ಆದಷ್ಟು ಕಡಿಮೆ ಪ್ರತಿಕ್ರಿಯಿಸುವ ವಸ್ತುವನ್ನೇ ಹುಡುಕುತ್ತಿತ್ತು. ಈ ನಂಬಿಕೆಯನ್ನು ತಿರುಗಿಸಿದ ಕಥೆ ಮಕ್ಕಳಿಗೆ ಬಹಳ ಹಿಡಿಸಿತು. 1967ರಲ್ಲಿ ಅಮೆರಿಕದ ಫ್ಲೋರಿಡಾ ವಿಶ್ವವಿದ್ಯಾಲಯದ ಲ್ಯಾರಿ ಹೆಂಚ್ ಒಂದು ಸಮ್ಮೇಳನಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದರು. ಪಕ್ಕದಲ್ಲಿ ವಿಯೆಟ್ನಾಂನಿಂದ ಮರಳಿದ್ದ ಸೇನಾಧಿಕಾರಿಯೊಬ್ಬರು. ಅಲ್ಲಿ ಕೈಕಾಲು ಕಳೆದುಕೊಳ್ಳುತ್ತಿದ್ದ ಸೈನಿಕರನ್ನು ನೋಡಿ ಬಂದಿದ್ದ ಅವರು, ಮನುಷ್ಯದೇಹ ತಿರಸ್ಕರಿಸದಂಥ ವಸ್ತುವನ್ನು ನೀವು ಮಾಡಬಲ್ಲಿರಾ ಎಂದು ಕೇಳಿದರಂತೆ. ಹೆಂಚ್ ಗಾಜಿನ ಮೇಲೆ ಕೆಲಸ ಮಾಡುತ್ತಿದ್ದವರು. ಮೂಳೆಯಲ್ಲಿರುವುದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್. ಅವೆರಡೂ ಇರುವ ಗಾಜು ಮಾಡಿದರೆ ಹೇಗೆ ಎಂಬುದು ಅವರ ಯೋಚನೆ. 1969ರಲ್ಲಿ ತಯಾರಾದ ಆ ಗಾಜಿನ ತೂಕದಲ್ಲಿ ಸಿಲಿಕಾ ಶೇ. 45, ಸೋಡಿಯಂ ಆಕ್ಸೈಡ್ ಶೇ. 24.5, ಕ್ಯಾಲ್ಸಿಯಂ ಆಕ್ಸೈಡ್ ಶೇ. 24.5, ಫಾಸ್ಫರಸ್ ಪೆಂಟಾಕ್ಸೈಡ್ ಶೇ. 6. ಇದನ್ನು ಇಲಿಗಳ ತೊಡೆಮೂಳೆಯಲ್ಲಿಟ್ಟು ಆರು ವಾರದ ನಂತರ ನೋಡಿದಾಗ, ತುಂಡು ಕಿತ್ತು ಬರಲೇ ಇಲ್ಲ, ಮೂಳೆಗೆ ಬೆಸೆದುಕೊಂಡಿತ್ತು.

ಏಕೆ ಬೆಸೆಯಿತು? ಕಿಟಕಿ ಗಾಜಿನಲ್ಲಿ ಸಿಲಿಕಾ ಶೇ. 70ಕ್ಕಿಂತ ಹೆಚ್ಚು, ಅದಕ್ಕೇ ಅದು ನೀರಿಗೆ ಜಗ್ಗುವುದಿಲ್ಲ. ಈ ಗಾಜಿನಲ್ಲಿ ಸಿಲಿಕಾ ಕಡಿಮೆ, ಸೋಡಿಯಂ ಹೆಚ್ಚು. ದೇಹದ ದ್ರವ ತಾಗಿದಾಗ ಸೋಡಿಯಂ ಅಯಾನುಗಳು ಹೊರಹೋಗಿ, ಮೇಲ್ಮೈಯಲ್ಲಿ ಸಿಲಿಕಾದ ಜೆಲ್ ಪದರ ಉಳಿಯುತ್ತದೆ. ಅದರ ಮೇಲೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕೂತು, ನಿಧಾನವಾಗಿ ಮೂಳೆಯದೇ ರೀತಿಯ ಅಪಟೈಟ್ ಹರಳಾಗುತ್ತದೆ. ಹೊಸ ಕೊಲ್ಯಾಜೆನ್ ನಾರುಗಳು ಆ ಹರಳುಗಳ ನಡುವೆ ಹೆಣೆದುಕೊಳ್ಳುತ್ತವೆ. ಮೂಳೆಯ ಕೋಶಕ್ಕೆ ಇದು ಪರಕೀಯ ಎಂದು ಅನಿಸುವುದಿಲ್ಲ. ಬಯೋಆಕ್ಟಿವ್ ಎಂದರೆ ಇದೇ. ಹೈಡ್ರಾಕ್ಸಿಅಪಟೈಟ್ ಪುಡಿಯನ್ನು ಕಾಯಿಸಿ ಗಟ್ಟಿಮಾಡಿದ ಸೆರಾಮಿಕ್ ಕೂಡ ಇದೇ ಗುಂಪಿನದು.

ಹಾಗಿದ್ದರೆ ಇಡೀ ಪ್ಲೇಟನ್ನೇ ಇಂಥ ಗಾಜಿನಿಂದ ಮಾಡಬಾರದೇ? ಈ ಪ್ರಶ್ನೆಯನ್ನು ನಾನು ಕೇಳುವ ಮೊದಲೇ ಯಾರೋ ಚಹಾದ ಗಾಜು ಕೆಳಗೆ ಬಿದ್ದದ್ದನ್ನು ನೆನಪಿಸಿದರು. ಸುಟ್ಟ ಮೂಳೆಯ ಪುಡಿ ಮೇಜಿನ ಮೇಲೆಯೇ ಇತ್ತು.

ಈ ಎರಡನ್ನೂ ಸೇರಿಸುವ ಕೆಲಸಕ್ಕೆ ದಾರಿ ತೋರಿದವರು ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ವಿಲಿಯಂ ಬಾನ್‌ಫೀಲ್ಡ್. 1980ರ ದಶಕದ ಆರಂಭದಲ್ಲಿ ಅವರ ತಂಡ ಪಾಲಿಥೀನಿಗೆ ಹೈಡ್ರಾಕ್ಸಿಅಪಟೈಟ್ ಕಣಗಳನ್ನು ಬೆರೆಸಿತು. ಹೌದು, ನಮ್ಮ ಕೊಡ, ಬಕೆಟ್ಟುಗಳ ಜಾತಿಯ ಪಾಲಿಥೀನೇ, ವೈದ್ಯಕೀಯ ದರ್ಜೆಯದು. ಘನಗಾತ್ರದಲ್ಲಿ ಶೇ. 40 ಸೆರಾಮಿಕ್ ಇರುವ ಬೆರಕೆಗೆ ಹ್ಯಾಪೆಕ್ಸ್ ಎಂಬ ಹೆಸರು ಬಂತು. ಸೆರಾಮಿಕ್ ತೀರಾ ಕಡಿಮೆಯಾದರೆ ಮೂಳೆಗೆ ಗುರುತು ಹತ್ತುವುದಿಲ್ಲ, ಹೆಚ್ಚಾದರೆ ವಸ್ತು ಪೆಡಸಾಗಿ ಮುರಿಯುತ್ತದೆ. ಈ ಬೆರಕೆಯ ಬಿಗುಪು ಸುಮಾರು 4 ಗಿಗಾಪಾಸ್ಕಲ್. ಪಾಲಿಥೀನಿಗಿಂತ ಎಷ್ಟೋ ಹೆಚ್ಚು, ಗಟ್ಟಿಮೂಳೆಗಿಂತ ಇನ್ನೂ ಕಡಿಮೆ.

ಈ ಪ್ರಮಾಣದ ವಿಷಯವನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿಸುವುದು ಮೇಲು. ಫೆವಿಕಾಲ್ ಕೂಡ ಪಾಲಿಮರೇ, ಪಾಲಿವಿನೈಲ್ ಅಸಿಟೇಟ್. ಮೊಟ್ಟೆ ಚಿಪ್ಪನ್ನು ನುಣ್ಣಗೆ ಕುಟ್ಟಿ ಜರಡಿ ಹಿಡಿದು, ನಾಲ್ಕು ಗುಂಪುಗಳಿಗೆ ನಾಲ್ಕು ಪ್ರಮಾಣ ಕೊಟ್ಟೆ: ಬರೀ ಫೆವಿಕಾಲ್, ಐದು ಚಮಚಕ್ಕೆ ಒಂದು ಚಮಚ ಪುಡಿ, ಸಮಸಮ, ಮತ್ತು ಪುಡಿ ಮೂರು ಪಾಲು. ಪ್ಲಾಸ್ಟಿಕ್ ಹಾಳೆಯ ಮೇಲೆ ಪಟ್ಟಿಯಾಗಿ ಹರಡಿ ಮೂರು ದಿನ ಒಣಗಿಸಿದರು. ಬರೀ ಫೆವಿಕಾಲ್ ಸುರುಳಿ ಸುತ್ತಿಕೊಂಡಿತು, ಕೊನೆಯದು ಹಾಳೆಯಿಂದ ಏಳಿಸುವಾಗಲೇ ಮುರಿಯಿತು. ನಡುವಿನ ಎರಡರಲ್ಲಿ ಯಾವುದು ಉತ್ತಮ ಎಂದು ಎರಡು ಗುಂಪು ಜಗಳವಾಡಿದವು. ಒಬ್ಬರು ಬಾಗುವುದನ್ನು, ಇನ್ನೊಬ್ಬರು ಬಾಗದಿರುವುದನ್ನು ಗುಣ ಎಂದು ಹಿಡಿದಿದ್ದರು. ಎಲ್ಲಿ ಬಳಸಲು ಎಂದು ಕೇಳಿದೆ. ಮಾರ್ಗದರ್ಶಕರ ‘ಯಾವ ಮೂಳೆಗೆ?’ ನನಗೆ ಆಗಲೇ ಪೂರ್ತಿ ತಿಳಿದದ್ದು.

ಏಕೆಂದರೆ ಹ್ಯಾಪೆಕ್ಸ್ ಹೋದದ್ದು ಕಾಲಿಗಲ್ಲ. ಕಣ್ಣುಗುಡ್ಡೆಯ ಕೆಳಗಿನ ತೆಳು ಮೂಳೆ ಒಡೆದವರಿಗೆ, ಮತ್ತು ನಡುಗಿವಿಯ ಪುಟ್ಟ ಮೂಳೆಗಳು ಹಾಳಾಗಿ ಕೇಳಿಸದವರಿಗೆ. ಕಿವಿಯಲ್ಲಿ ಹೊರಬೇಕಾದ ಹೊರೆ ಎಂದರೆ ಧ್ವನಿಯ ಕಂಪನ. ಅಲ್ಲಿ ಬಲಕ್ಕಿಂತ ದೊಡ್ಡ ಅನುಕೂಲ ಬೇರೆ: ಶಸ್ತ್ರಕ್ರಿಯೆಯ ಮೇಜಿನ ಬಳಿಯೇ ವೈದ್ಯರು ಅದನ್ನು ಚಾಕುವಿನಿಂದ ರೋಗಿಯ ಅಳತೆಗೆ ಕತ್ತರಿಸಿಕೊಳ್ಳಬಹುದು. ಸೆರಾಮಿಕ್ ಮಾತ್ರ ಇದ್ದಿದ್ದರೆ ಅದು ಚೂರಾಗುತ್ತಿತ್ತು.

ಹ್ಯಾಪೆಕ್ಸ್ ಕರಗುವುದೂ ಇಲ್ಲ. ಹುಡುಗ ಕೇಳಿದ್ದು ಕರಗುವುದನ್ನು. ಅದಕ್ಕೆ ಬೇರೆ ಪಾಲಿಮರ್ ಬೇಕು, ಹೆಚ್ಚಾಗಿ ಬಳಕೆಯಲ್ಲಿರುವುದು ಪಾಲಿಲ್ಯಾಕ್ಟಿಕ್ ಆಮ್ಲ ಮತ್ತು ಅದರ ಬಳಗ. ಲ್ಯಾಕ್ಟಿಕ್ ಆಮ್ಲವೆಂದರೆ ಮೊಸರಿನ ಹುಳಿ; ಜೋರಾಗಿ ಓಡಿದಾಗ ನಮ್ಮ ಸ್ನಾಯುಗಳಲ್ಲೂ ಉಂಟಾಗುವಂಥದ್ದು. ಅದರ ಅಣುಗಳನ್ನು ಸರಪಳಿಯಾಗಿ ಜೋಡಿಸಿದ ಪ್ಲಾಸ್ಟಿಕ್ ಇದು. ದೇಹದ ನೀರು ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ, ಬಿಡಿಯಾದ ಆಮ್ಲವನ್ನು ದೇಹ ಕೊನೆಗೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾಗಿಸುತ್ತದೆ. ‘ಕರಗುವುದು’ ಎಂಬ ಪದವೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಸಕ್ಕರೆ ನೀರಿನಲ್ಲಿ ಕರಗಿದರೂ ಸಕ್ಕರೆಯೇ. ಇದು ಒಡೆದು ಬೇರೆಯಾಗುತ್ತದೆ.

ತೊಂದರೆ ಎರಡು. ಆಮ್ಲ ಒಂದೇ ಜಾಗದಲ್ಲಿ ಹೆಚ್ಚು ಸೇರಿದರೆ ಸುತ್ತಲಿನ ಅಂಗಾಂಶಕ್ಕೆ ಉರಿಯೂತ ಬರಬಹುದು. ಮತ್ತು ಈ ಪಾಲಿಮರ್ ತಾನಾಗಿ ಮೂಳೆಗೆ ಬೆಸೆಯುವುದಿಲ್ಲ. ಇಲ್ಲಿ ಸೆರಾಮಿಕ್ ಬಂದು ಎರಡು ಕೆಲಸ ಮಾಡುತ್ತದೆ: ಹೈಡ್ರಾಕ್ಸಿಅಪಟೈಟ್ ಅಥವಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಕಣಗಳು ಆಮ್ಲವನ್ನು ಸ್ವಲ್ಪಮಟ್ಟಿಗೆ ತಟಸ್ಥಗೊಳಿಸುತ್ತವೆ, ಜೊತೆಗೆ ಮೂಳೆಗೆ ಹಿಡಿಯಲು ಜಾಗ ಕೊಡುತ್ತವೆ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೇಗ ಕರಗುತ್ತದೆ, ಹೈಡ್ರಾಕ್ಸಿಅಪಟೈಟ್ ಬಹಳ ನಿಧಾನ. ಇಂಥ ಬೆರಕೆಯ ಸ್ಕ್ರೂಗಳನ್ನು ಮಂಡಿಯ ಅಸ್ಥಿರಜ್ಜು ಹರಿದು ಹೊಸದನ್ನು ಕೂರಿಸುವಾಗ ಬಳಸುತ್ತಾರೆ. ಮುಖ ಮತ್ತು ದವಡೆಯ ಮೂಳೆಗಳಿಗೆ ಸಣ್ಣ ಪ್ಲೇಟುಗಳೂ ಇವೆ. ಕಬಡ್ಡಿ ಆಡುವ ಮಕ್ಕಳಿಗೆ ಮಂಡಿಯ ಮಾತು ಕೂಡಲೇ ತಲುಪಿತು.

ಮೊಣಕಾಲಿನ ಕೆಳಗಿನ ಮೂಳೆಗೆ ಏಕಾಗದು ಎಂಬುದಕ್ಕೆ ಹಲಗೆಯ ಮೇಲೆ ಎರಡು ಗೆರೆ ಎಳೆದೆ. ಒಂದು ಕೂಡುತ್ತಿರುವ ಮೂಳೆಯ ಬಲ, ಸೊನ್ನೆಯಿಂದ ನಿಧಾನವಾಗಿ ಏರುವುದು. ಇನ್ನೊಂದು ಪ್ಲೇಟಿನ ಬಲ, ಮೇಲಿನಿಂದ ಇಳಿಯುವುದು. ಯಾವುದೇ ದಿನ ಎರಡರ ಮೊತ್ತ ದೇಹದ ಹೊರೆಗಿಂತ ಕಡಿಮೆಯಾಗಬಾರದು. ಉಕ್ಕಿನ ಗೆರೆ ಇಳಿಯುವುದೇ ಇಲ್ಲ, ಎಲ್ಲೋ ಮೇಲೆ ಸಮವಾಗಿ ಹೋಗುತ್ತದೆ. ಪಾಲಿಲ್ಯಾಕ್ಟಿಕ್ ಬೆರಕೆಯ ಗೆರೆ ಶುರುವಾಗುವುದೇ ಕೆಳಗೆ. ಅದರಲ್ಲೂ ಬಲ ಮೊದಲು ಹೋಗುತ್ತದೆ, ವಸ್ತು ಮಾತ್ರ ವರ್ಷಗಟ್ಟಲೆ ಉಳಿದಿರುತ್ತದೆ. ಮುಖದ ಮೂಳೆಗೆ ಆ ಗೆರೆ ಸಾಕು. ಮೂಟೆ ಹೊತ್ತು ನಡೆಯುವ ಮನುಷ್ಯನ ಕಾಲಿಗೆ ಸಾಲದು. ಹುಡುಗ ಎದ್ದು ಹಲಗೆಯ ಬಳಿ ಬಂದು, ಅಪ್ಪನ ಕಾಲಿನ ಗೆರೆ ಎಲ್ಲಿ ಬರುತ್ತದೆಂದು ತಾನೇ ಬೆರಳಿಟ್ಟು ತೋರಿಸಿದ.

ಮೂಳೆಯನ್ನೇ ನಕಲು ಮಾಡಿದರೆ ಆಯಿತಲ್ಲ ಎಂದರೆ, ಕಷ್ಟವಿರುವುದು ಎರಡು ವಸ್ತುಗಳ ನಡುವಿನ ಗಡಿಯಲ್ಲಿ. ನಾವು ಬೆರೆಸಿದಾಗ ಸೆರಾಮಿಕ್ ಕಣಗಳು ಗಂಟುಗಟ್ಟುತ್ತವೆ. ಉಪ್ಪಿಟ್ಟಿಗೆ ರವೆ ಒಮ್ಮೆಲೇ ಸುರಿದರೆ ಆಗುವಂತೆ. ಹ್ಯಾಪೆಕ್ಸಿನಲ್ಲಿ ಪಾಲಿಥೀನ್ ತಣಿದು ಕುಗ್ಗುವಾಗ ಕಣಗಳನ್ನು ಬಿಗಿಯಾಗಿ ಹಿಡಿಯುತ್ತದೆ, ಅಷ್ಟೇ ಅದರ ಹಿಡಿತ. ಕಣಗಳಿಗೆ ಸಿಲೇನ್ ಎಂಬ ಅಣುಗಳನ್ನು ಲೇಪಿಸಿ, ಒಂದು ತುದಿ ಸೆರಾಮಿಕ್ಕಿಗೆ, ಇನ್ನೊಂದು ಪಾಲಿಮರಿಗೆ ಅಂಟುವಂತೆ ಮಾಡುವ ದಾರಿಯೂ ಇದೆ. ಮೂಳೆಯಲ್ಲಾದರೋ ನ್ಯಾನೋಮೀಟರ್ ಅಳತೆಯ ಹರಳುಗಳು ಕೊಲ್ಯಾಜೆನ್ ನಾರುಗಳ ಒಳಗೇ ಸಾಲಾಗಿ ಬೆಳೆದಿರುತ್ತವೆ. ಅದು ಕಲಸಿದ್ದಲ್ಲ, ಬೆಳೆದದ್ದು.

ಎರಡನೇ ಅವಧಿ ಇಲ್ಲಿಗೆ ಮುಗಿಯಿತು. ಪಾಠಯೋಜನೆಯ ಹಾಳೆಯಲ್ಲಿ ನಾನೇ ಒಂದು ಅಂಕಣ ಹೆಚ್ಚಿಗೆ ಎಳೆದುಕೊಂಡಿದ್ದೇನೆ. ವೈದ್ಯಕೀಯಕ್ಕೆ ತಾಗುವ ಯಾವುದೇ ವಿಷಯಕ್ಕೆ ‘ಇದು ಮನೆಗೆ ಹೋಗಿ ಏನಾಗಿ ಕೇಳಿಸುತ್ತದೆ?’ ಎಂದು ಅದರಲ್ಲಿ ಬರೆದುಕೊಳ್ಳುತ್ತೇನೆ. ಮಾರ್ಗದರ್ಶಕರು ಅದಕ್ಕೆ ಅಂಕ ಕೊಡಲು ನಮೂನೆಯಲ್ಲಿ ಜಾಗವಿಲ್ಲ ಎಂದು ನಕ್ಕರು.

ಬೋಧನಾಭ್ಯಾಸದ ಕೊನೆಯ ವಾರ ಹುಡುಗ ಒಂದು ಔಷಧದ ಡಬ್ಬಿ ತಂದ. ಒಳಗೆ ಹತ್ತಿಯಲ್ಲಿ ಸುತ್ತಿದ ಒಂದು ಪ್ಲೇಟು, ಎಂಟು ಸ್ಕ್ರೂ. ನಾವೆಲ್ಲ ರಾಡ್ ಎನ್ನುತ್ತಿದ್ದದ್ದು ಅಸಲಿಗೆ ಪ್ಲೇಟು. ಆಪರೇಶನ್ ಆಗಿ ಹನ್ನೆರಡು ದಿನ, ಅಪ್ಪ ಕೋಲು ಹಿಡಿದು ಅಂಗಳದಲ್ಲಿ ಓಡಾಡುತ್ತಾರೆ ಎಂದ. ಪ್ಲೇಟು ಕೈಯಿಂದ ಕೈಗೆ ಹೋಯಿತು. ಮುಂದಿನ ಬೆಂಚಿನವಳು ಪ್ರಯೋಗಾಲಯದ ಪೆಟ್ಟಿಗೆಯಿಂದ ಕಾಂತ ತಂದು ಹಿಡಿದಳು. ಅಂಟಲಿಲ್ಲ. ಇನ್ನೊಂದು ತುದಿ ತಿರುಗಿಸಿ ಹಿಡಿದಳು, ಆಗಲೂ ಇಲ್ಲ.

“ಇದು ಕಬ್ಬಿಣ ಅಲ್ಲೇನ್ರಿ ಟೀಚರ್?” ಎಂದು ಹುಡುಗ ಕೇಳಿದ. ಗಂಟೆ ಹೊಡೆಯಲು ಐದು ನಿಮಿಷವಿತ್ತು. ನಾಳೆ ಹೇಳುತ್ತೇನೆ ಎಂದೆ.